ಯಾತ್ರೆಯ ಬಸ್ಸಿಗೆ ಹೊಸ ಹೀಟರು

೧೯೯೮ ಡಿಸೆಂಬರ್ ೬, ರವಿವಾರ

ಮೇ ಹದಿನೇಳರ ನಂತರ ಈ ವಹಿಯಲ್ಲಿ ಒಂದಕ್ಷರ ಬರೆದಿರಲಿಲ್ಲ. ಇವತ್ತು ಬರೆಯದೆ ಇರಲಾಗುತ್ತಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ದೊಡವಾಡದ ಶಂಕರೆಪ್ಪ ಕಾಕಾ ಬಂದರು. ಚನ್ನವ್ವನವರು ನನ್ನ ಬಸ್ಸಿನಲ್ಲಿ ತೀರಿಹೋದ ಮೇಲೆ ಅವರ ಗಂಡ ನನ್ನ ಮನೆಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಕೈಯಲ್ಲಿನ ರೊಟ್ಟಿ ಕೈಯಲ್ಲೇ ಉಳಿಯಿತು. ನನ್ನ ಹೆಂಡತಿ ನಾಗರತ್ನಾ ನೀರು ತಂದಳು. ಅವರು ತಂಬಿಗೆ ಮುಟ್ಟಲಿಲ್ಲ.

"ವಿರೂಪಾಕ್ಷಪ್ಪ, ಬರೂ ಬ್ಯಾಸಗಿಗೆ ಯಾತ್ರಾಕ್ಕ ಬಸ್ಸು ಹೊರಡಸಬೇಕು ನೀ" ಎಂದರು.

"ಕಾಕಾ, ನಾ ಬಸ್ಸು ಮಾರಬೇಕಂತ ಮಾಡೇನ್ರಿ."

"ಮಾರು. ಆದ್ರ ಇದೊಂದು ಸಲ ಹೋಗಿ ಬಂದು ಮಾರು. ಆಕಿನ್ನ ಅಲ್ಲೇ ಮಣ್ಣು ಮಾಡಿ ಬಂದೇವಿ. ಹೊಳಿ ದಂಡಿ ಮ್ಯಾಲ, ಗುರುತಿಗೆ ಒಂದು ಕಲ್ಲು ಇಟ್ಟೇನಿ. ಒಂದು ಸಲ ಹೋಗಿ ಕುಂದರಬೇಕು. ರೈಲಿನ್ಯಾಗ ಒಬ್ಬಾಂವ ಹೋಗಾಕ ನನಗ ಆ ಭಾಷಾ ಬರೂದಿಲ್ಲ, ಆ ಜಾಗಾನೂ ಸಿಗೂದಿಲ್ಲ. ಅದು ಗೊತ್ತಿದ್ದಾಂವ ನೀ ಒಬ್ಬನ."

ಹೊರಡುವಾಗ ಬಾಗಿಲಲ್ಲಿ ನಿಂತು, "ಆ ಇದ್ದಿಲ ಶೇಗಡಿ ಬ್ಯಾಡ. ಬ್ಯಾರೆ ಏನರೆ ಹಾಕು" ಎಂದರು.

ಆಯಿತು ಎಂದೆ.

ಡಿಸೆಂಬರ್ ೯, ಬುಧವಾರ

ಏಳು ತಿಂಗಳ ಮೇಲೆ ಬಸ್ಸಿನ ಬೀಗ ತೆಗೆದೆ. ಹನ್ನೊಂದು ವರ್ಷ ಈ ಬಸ್ಸಿನಲ್ಲಿ ಬೈಲಹೊಂಗಲದ ಜನರನ್ನು ಕಾಶಿ, ಕೇದಾರ, ಬದರಿಗೆ ಒಯ್ದಿದ್ದೇನೆ. ಸೀಟು ಕಿತ್ತು ಎರಡು ಅಂತಸ್ತಿನ ಮಲಗುವ ಹಲಗೆ ಹಾಕಿಸಿದ್ದು, ಹಿಂದೆ ಅಡುಗೆ ಮೂಲೆ ಮಾಡಿಸಿದ್ದು ಎಲ್ಲಾ ನಾನೇ. ನಲವತ್ತು ದಿನ ಅದೇ ಮನೆ, ಅದೇ ಛತ್ರ.

ಶೇಗಡಿ ಅಡುಗೆ ಮೂಲೆಯ ಮುಂದೆ ಹಾಗೇ ಇತ್ತು. ಕಬ್ಬಿಣದ ಪೆಟ್ಟಿಗೆ. ಒಳಗೆ ಇದ್ದಿಲು, ಮೇಲೆ ಬಸ್ಸಿನ ಟಾಪಿನಲ್ಲಿ ಗಾಳಿ ಕಿಂಡಿ. ಶೇಗಡಿ ಹೊತ್ತಿದಾಗ ಕಿಂಡಿಯ ಮುಚ್ಚಳ ತೆರೆದೇ ಇರಬೇಕೆಂಬುದು ಕಟ್ಟಳೆ. ಆ ದಿನ ಬದರಿಯ ದಾರಿಯಲ್ಲಿ ಗುಡ್ಡ ಜರಿದು ರಸ್ತೆ ಬಂದಾಗಿ, ಮಳೆಯಲ್ಲಿ, ಘಟ್ಟದ ತಿರುವಿನಲ್ಲೇ ಬಸ್ಸು ನಿಲ್ಲಿಸಬೇಕಾಯಿತು. ಬೆಳಿಗ್ಗೆ ನೋಡಿದರೆ ಎಲ್ಲರಿಗೂ ತಲೆಶೂಲೆ, ವಾಂತಿ. ಶೇಗಡಿಯ ಪಕ್ಕದ ಕೆಳ ಹಲಗೆಯಲ್ಲಿದ್ದ ಚನ್ನವ್ವನವರು ಏಳಲಿಲ್ಲ. ಇದ್ದಿಲ ಗಾಳಿ ಒಳಗೇ ನಿಂತು ಹಾಗಾಯಿತು ಎಂದರು ಡಾಕ್ಟರು. ಮುಚ್ಚಳ ಮುಚ್ಚಿದ್ದವನು ಅಡುಗೆಯವ. ಪೊಲೀಸರ ಕಾಗದದಲ್ಲಿ ಹಾಗೇ ಇದೆ.

ಶೇಗಡಿಯನ್ನು ಕಿತ್ತು ಗುಜರಿಗೆ ಹಾಕಿದೆ. ನಾಲ್ಕು ಬೋಲ್ಟು ತಿರುಗಿಸುವುದರಲ್ಲಿ ಅಂಗಿ ಬೆವರಿಗೆ ತೊಯ್ದುಹೋಯಿತು.

ಡಿಸೆಂಬರ್ ೧೭, ಗುರುವಾರ

ಬಿಜಲಿಯ ಹೀಟರು ಎಲ್ಲಕ್ಕಿಂತ ಒಳ್ಳೆಯದೆಂದು ತೋರಿತ್ತು. ಬೆಂಕಿ ಇಲ್ಲ, ಹೊಗೆ ಇಲ್ಲ. ಸಾವಿರ ವ್ಯಾಟಿನ ಕಾಯಿಲು ತಂದು, ಬ್ಯಾಟರಿಗೆ ಇನ್ವರ್ಟರ್ ಕಟ್ಟಿ ನಸುಕಿನಲ್ಲಿ ಹಚ್ಚಿದೆ. ಮೂರು ತಾಸೂ ತುಂಬಲಿಲ್ಲ. ಕಾಯಿಲು ಕೆಂಪಿನಿಂದ ಕಂದಾಯಿತು, ಆಮೇಲೆ ಕಪ್ಪಾಯಿತು. ಸ್ಟಾರ್ಟರ್ ಒತ್ತಿದರೆ ಕಟ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ. ಓಣಿಯ ಹತ್ತು ಮಂದಿ ತಳ್ಳಿ ಬಸ್ಸು ಚಾಲೂ ಮಾಡಬೇಕಾಯಿತು.

ಇನ್ನೂ ನಾಲ್ಕು ಬ್ಯಾಟರಿ ಹಾಕಿಸಿ ಎನ್ನುತ್ತಾನೆ ಅಂಗಡಿಯವ. ಅಷ್ಟು ಬ್ಯಾಟರಿಯನ್ನು ಹಗಲು ತುಂಬಿಸುವವರು ಯಾರು? ಹತ್ತು ಸಾವಿರ ಅಡಿ ಮೇಲೆ ಬಸ್ಸು ತಳ್ಳುವುದಕ್ಕೆ ಓಣಿಯ ಜನ ಬರುತ್ತಾರೆಯೇ?

ಡಿಸೆಂಬರ್ ೨೮, ಸೋಮವಾರ

ಸವದತ್ತಿಯ ಗ್ಯಾರೇಜಿನಲ್ಲಿ ಒಬ್ಬ ಮಿಸ್ತ್ರಿ ರೇಡಿಯೇಟರಿನ ಬಿಸಿನೀರನ್ನು ಕೊಳವೆಯಿಂದ ಒಳಗೆ ತಂದು, ಹಿಂದೆ ಫ್ಯಾನು ಕೂಡಿಸಿದರೆ ಪುಕ್ಕಟೆ ಬಿಸಿಗಾಳಿ ಎಂದ. ನಿಜ. ಇಂಜಿನ್ನು ಹೇಗೂ ಚೆಲ್ಲುವ ಶಾಖ ಅದು, ಒಂದು ಹನಿ ಎಣ್ಣೆ ಹೆಚ್ಚು ಬೇಕಿಲ್ಲ. ಬಸ್ಸು ಓಡುವ ತನಕ ಅದಕ್ಕಿಂತ ಉತ್ತಮವಾದದ್ದು ಬೇರೆ ಇಲ್ಲ. ಆದರೆ ಚನ್ನವ್ವನವರು ಹೋದದ್ದು ನಿಂತ ಬಸ್ಸಿನಲ್ಲಿ. ನಿಂತಲ್ಲೂ ಬಿಸಿ ಬೇಕೆಂದರೆ ಬೆಳಗಿನ ತನಕ ಇಂಜಿನ್ ಉರಿಸಬೇಕು. ಡೀಸೆಲ್ ಹೋಗಲಿ, ಆ ಸೈಲೆನ್ಸರಿನ ಹೊಗೆ?

ಊರಲ್ಲಿ ಹನ್ನೆರಡು ಜನ ಹೆಸರು ಕೊಟ್ಟಿದ್ದಾರೆ. ಶಂಕರೆಪ್ಪ ಕಾಕಾನೇ ಹೋಗುತ್ತಾರೆಂದ ಮೇಲೆ ನಮಗೇನು ಭಯ ಎನ್ನುತ್ತಾರಂತೆ. ನನಗೆ ಭಯ.

೧೯೯೯ ಜನವರಿ ೫, ಮಂಗಳವಾರ

ಬೆಳಗಾವಿಯಿಂದ ಗ್ಯಾಸ್ ಹೀಟರು ತಂದೆ. ಮುಂದಿನ ತಂತಿಯ ಜಾಳಿಗೆ ಕೆಂಪಗೆ ಉರಿಯುತ್ತದೆ, ಹೊಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ. ಅಂಗಡಿಯವನು ಮುಚ್ಚಿದ ಕೋಣೆಯಲ್ಲೂ ನಡೆಯುತ್ತದೆ ಎಂದಿದ್ದ. ಪರೀಕ್ಷೆ ಮಾಡಬೇಕಲ್ಲ. ಚಹಾ ಕುಡಿದವನೇ ಹೋಗಿ ಕಿಟಕಿಗಳನ್ನೆಲ್ಲ ಹಾಕಿ, ಕಿಂಡಿ ಮುಚ್ಚಿ, ಹೀಟರು ಹಚ್ಚಿ ಕೆಳಗಿನ ಹಲಗೆಯ ಮೇಲೆ ಮಲಗಿದೆ. ಚನ್ನವ್ವನವರ ಹಲಗೆ. ಹೀಟರಿಗೆ ಹತ್ತಿರ ಅದೇ, ಅದಕ್ಕೇ ಅಲ್ಲಿ.

ಬೆಚ್ಚಗಿತ್ತು. ತಲೆ ಭಾರವಾಯಿತು. ಹಣೆಯ ನರ ಹೊಡೆಯುವುದು ಕೇಳುತ್ತಿತ್ತು. ಎದ್ದು ಕಿಟಕಿ ತೆರೆಯಬೇಕೆಂಬುದು ಗೊತ್ತಿತ್ತು. ಇನ್ನೂ ಸ್ವಲ್ಪ ನೋಡೋಣ ಎಂದುಕೊಂಡೆ. ಬಹಳ ದಿನದ ಮೇಲೆ ಎದೆಯಲ್ಲಿ ಏನೂ ಇರಲಿಲ್ಲ.

ನಾಗರತ್ನಾ ಬಾಗಿಲು ಕಿತ್ತಳೋ ಒಡೆದಳೋ ತಿಳಿಯದು. ರೆಟ್ಟೆ ಹಿಡಿದು ಅಂಗಳಕ್ಕೆ ಎಳೆದು ಹಾಕಿದಳು. ವಾಂತಿಯಾಯಿತು.

"ಏನು ಮಾಡಾಕತ್ತಿದ್ರಿ?"

"ಹೀಟರ್ ಟೆಸ್ಟ್ ಮಾಡಾಕತ್ತಿದ್ನಿ."

"ಟೆಸ್ಟ್ ಮಾಡಾಂವ ಚಿಲಕಾ ಯಾಕ ಹಾಕ್ಕೋತಾನ?"

ಚಿಲಕ ಹಾಕಿದ್ದು ನನಗೆ ನೆನಪಿಲ್ಲ. ಗಾಳಿಗೆ ಬಾಗಿಲು ಬಡಿಯಬಾರದೆಂದು ಹಾಕಿರಬೇಕು. ಅವಳು ಅಂಗಳದ ಮಣ್ಣಿನಲ್ಲೇ ಕೂತು ಅತ್ತಳು. ಹೆಂಗಸರು ಸಣ್ಣದನ್ನು ದೊಡ್ಡದು ಮಾಡುತ್ತಾರೆ. ಗ್ಯಾಸ್ ಹೀಟರು ಬಸ್ಸಿಗೆ ಆಗುವುದಿಲ್ಲವೆಂಬುದಂತೂ ಖಚಿತವಾಯಿತು. ವಾಪಸು ಕೊಡಬೇಕು.

ಜನವರಿ ೬

ಮುಚ್ಚಳ ಮುಚ್ಚಿದ್ದು ನಾನು.

ಜನವರಿ ೯, ಶನಿವಾರ

ಮೂರು ದಿನ ಆ ಒಂದು ಸಾಲನ್ನು ನೋಡುತ್ತಾ ಕೂತೆ. ಹರಿದು ಹಾಕಲೇ ಎಂದೂ ಯೋಚಿಸಿದೆ. ಬರೆದಾಗಿದೆ, ಪೂರ್ತಿ ಬರೆಯುತ್ತೇನೆ.

ನೇಸರಗಿಯ ಅಂದಾನೆಪ್ಪ, ನಮ್ಮ ಅಡುಗೆಯವ, ಶೇಗಡಿ ಹೊತ್ತಿಸಿ, ಕಿಂಡಿ ತೆರೆದಿಟ್ಟು, ಮುಂದೆ ಡ್ರೈವರ್ ಸೀಟಿನ ಪಕ್ಕ ಹೋಗಿ ಮಲಗಿದ. ಕಿಂಡಿಯಿಂದ ಮಳೆಯ ಎರಚಲು ಬರುತ್ತಿತ್ತು. "ಗಾಳಿ ಹೊಡೀತೈತ್ರಿ" ಎಂದು ಯಾರೋ ಅಂದರು. ನಾನು ಕತ್ತಲಲ್ಲೇ ಎದ್ದು ಹಲಗೆಯ ಮೇಲೆ ಕಾಲಿಟ್ಟು ಮುಚ್ಚಳ ಎಳೆದೆ. ಸ್ವಲ್ಪ ಹೊತ್ತು ಬಿಟ್ಟು ತೆರೆದರಾಯಿತೆಂದು ಕೂತೆ. ದಿನವೆಲ್ಲ ಘಟ್ಟದಲ್ಲಿ ಗಾಡಿ ಹೊಡೆದಿದ್ದೆ. ಕೂತಲ್ಲೇ ನಿದ್ದೆ ಬಂತು.

ಮರುದಿನ ಇನ್‌ಸ್ಪೆಕ್ಟರು ಹಿಂದಿಯಲ್ಲಿ ಕಿಂಡಿ ಮುಚ್ಚಿದ್ದು ಯಾರೆಂದು ಕೇಳಿದ. ಅಂದಾನೆಪ್ಪನಿಗೆ ಹಿಂದಿ ಬರುವುದಿಲ್ಲ. ಅವನು ನನ್ನ ಪಕ್ಕದಲ್ಲೇ ನಿಂತು, ನಾನು ಅವನ ಪರವಾಗಿ ಏನೋ ಹೇಳುತ್ತಿದ್ದೇನೆಂದು ತಲೆ ಆಡಿಸುತ್ತಿದ್ದ. ನಾನು ಹೇಳಿದ್ದು ಅವನ ಹೆಸರನ್ನು.

ಜನವರಿ ೨೩, ಶನಿವಾರ

ಕಿತ್ತೂರಿಗೆ ಹೋಗಿದ್ದೆ. ಭೀಮಶಿ ಅಂತ, ಮಿಲಿಟರಿಯಲ್ಲಿ ಇಪ್ಪತ್ತು ವರ್ಷ ಡ್ರೈವರ್ ಆಗಿ ಲೇಹ್‌ನಲ್ಲೆಲ್ಲ ಗಾಡಿ ಓಡಿಸಿದವರು. ಈಗ ಹೆದ್ದಾರಿಯ ಪಕ್ಕ ಗ್ಯಾರೇಜು ಇಟ್ಟಿದ್ದಾರೆ. ನಾನು ಹಚ್ಚಿ ನೋಡಿ ಬಿಟ್ಟ ಹೀಟರುಗಳ ಕಥೆಯೆಲ್ಲಾ ಹೇಳಿದೆ. ಕೇಳಿ ನಕ್ಕರು.

"ಸಾವಕಾರ್ರ, ನೀವು ಬೆಂಕಿ ಒಳಗ ಇಟ್ಟು ಗಾಳಿ ಹೊರಗಿಂದ ತರಾಕ ನೋಡತೀರಿ. ಬೆಂಕಿನ ಹೊರಗ ಇರಬೇಕ್ರಿ. ಅದರ ಬಿಸಿ ಅಷ್ಟ ಒಳಗ ಬರಬೇಕು."

ಮಿಲಿಟರಿ ಗಾಡಿಗಳಲ್ಲಿ ಸಣ್ಣ ಡೀಸೆಲ್ ಹೀಟರು ಇರುತ್ತದಂತೆ. ಮುಚ್ಚಿದ ಡಬ್ಬಿಯೊಳಗೆ ಹನಿಹನಿಯಾಗಿ ಡೀಸೆಲ್ ಉರಿಯುತ್ತದೆ. ಉರಿಗೆ ಬೇಕಾದ ಗಾಳಿ ಹೊರಗಿನಿಂದ, ಹೊಗೆಯೂ ಕೊಳವೆಯಲ್ಲಿ ಹೊರಕ್ಕೆ. ಕಾದ ಡಬ್ಬಿಯ ಮೇಲೆ ಫ್ಯಾನು ಊದಿದ ಗಾಳಿ ಮಾತ್ರ ಒಳಗೆ. ಎಂಟು ತಾಸಿಗೆ ಎರಡು ಲೀಟರ್ ಸಾಕು. ಬ್ಯಾಟರಿ ಎಳೆಯುವುದು ಒಂದು ಹೆಡ್‌ಲೈಟಿನಷ್ಟೂ ಇಲ್ಲ. ಬೆಳಗಾವಿಯ ಗುಜರಿಯಲ್ಲಿ ಒಮ್ಮೊಮ್ಮೆ ಬರುತ್ತದೆ, ಹುಡುಕಿಸುತ್ತೇನೆ ಎಂದರು.

ಸರಕಾರಿ ಬಸ್ಸಿನಲ್ಲಿ ಮರಳುವಾಗ ಪಕ್ಕದವನಿಗೆ ಅದನ್ನೆಲ್ಲ ವಿವರಿಸುತ್ತಿದ್ದೆ. ಅವನು ಸಂಪಗಾಂವಿಯಲ್ಲಿ ಇಳಿದುಹೋದ. ನಾನು ಇನ್ನೂ ಮಾತಾಡುತ್ತಿದ್ದೆ.

ಫೆಬ್ರುವರಿ ೮, ಸೋಮವಾರ

ಹೀಟರು ಸಿಕ್ಕಿತು. ಭೀಮಶಿಯವರು ಮೂರು ದಿನ ಬಿಚ್ಚಿ ತೊಳೆದು, ಬಸ್ಸಿನ ತಳಕ್ಕೆ ಕೂಡಿಸಿದರು. ಹೊಗೆ ಕೊಳವೆ ಎಡಗಡೆ, ಅಡುಗೆ ಮೂಲೆಯ ಕೆಳಗೆ ಹೊರಬಿದ್ದಿದೆ. ಇವತ್ತು ಬೆಳಿಗ್ಗೆ ಆರಕ್ಕೆ ಹಚ್ಚಿದೆವು. ನಾಗರತ್ನಾ ನನ್ನ ಜೊತೆಗೇ ಒಳಗೆ ಕೂತಳು. ನನ್ನೊಬ್ಬನನ್ನೇ ಬಸ್ಸಿಗೆ ಬಿಡುವುದಿಲ್ಲ ಈಗ. ಅರ್ಧ ತಾಸಿನಲ್ಲಿ ಶಾಲು ತೆಗೆದಳು. ತಲೆ ಭಾರವಿಲ್ಲ, ವಾಸನೆ ಇಲ್ಲ.

ಸುದ್ದಿ ಹೋಗಿ ಶಂಕರೆಪ್ಪ ಕಾಕಾ ಬಂದರು. ಬಿಸಿಗಾಳಿಗೆ ಅಂಗೈ ಒಡ್ಡಿ ಬಹಳ ಹೊತ್ತು ನಿಂತರು. ಅಡುಗೆಗೆ ಯಾರನ್ನು ಒಯ್ಯುತ್ತೀ ಎಂದು ಕೇಳಿದರು. ಇನ್ನೂ ನೋಡಿಲ್ಲ ಎಂದೆ.

"ಯಾರನ್ನರೆ ಕರಕೊಂಡು ಬಾ. ಆ ನೇಸರಗಿಯಾಂವನ ನೆರಳು ಈ ಬಸ್ಸಿನ ಮ್ಯಾಲ ಬೀಳಬಾರದು."

ನಾನು ಹೂಂ ಎಂದೆ. ಹೂಂ ಎಂದೆ.

ಎಲ್ಲ ಸರಿಯಾಯಿತು. ಹೀಟರು ಸಿಕ್ಕರೆ ಎಲ್ಲ ಮುಗಿಯುತ್ತದೆಂದು ಎರಡು ತಿಂಗಳು ನಂಬಿದ್ದೆ. ಇವತ್ತು ಜನವರಿ ಆರರ ಪುಟವನ್ನು ಮತ್ತೆ ತೆಗೆದು ಓದಿದೆ.

ಫೆಬ್ರುವರಿ ೧೬

ಏನೂ ಇಲ್ಲ.

ಫೆಬ್ರುವರಿ ೨೧, ರವಿವಾರ

ದೊಡವಾಡಕ್ಕೆ ಹೋದೆ. ಯಾಕೆ ಹೊರಟೆನೆಂದು ಬಸ್ಸು ಹತ್ತುವ ತನಕ ನನಗೂ ಸ್ಪಷ್ಟವಿರಲಿಲ್ಲ. ಕಾಕಾ ಪಡಸಾಲೆಯಲ್ಲಿ ಕುಸುಬಿ ಹಸನು ಮಾಡುತ್ತಿದ್ದರು. ಕೂತುಕೊಳ್ಳದೆ ಹೇಳಿದೆ.

"ಕಾಕಾ, ಕಿಂಡಿ ಮುಚ್ಚಿದಾಂವ ಅಂದಾನೆಪ್ಪ ಅಲ್ರಿ. ನಾನು. ಪೊಲೀಸರ ಮುಂದ ಸುಳ್ಳು ಹೇಳಿದ್ನಿ."

ಮೊರದಲ್ಲಿ ಆಡುತ್ತಿದ್ದ ಕೈ ನಿಂತಿತು. ಹೊಡೆಯುತ್ತಾರೆಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಗಾಳಿ ಹೊಡೀತೈತಿ ಅಂದಾಕಿ ಆಕಿನ" ಎಂದರು ಕೊನೆಗೆ. "ಆಕಿಗೆ ಥಂಡಿ ತಡಕೊಳ್ಳಾಕ ಆಗ್ತಿದ್ದಿಲ್ಲ. ಮುಚ್ಚಿದ ಮ್ಯಾಲ, ಈಗ ಹಿತಾ ಆತು ಅಂದ್ಲು. ಅದ ಕಡೀ ಮಾತು."

ಮೊರವನ್ನು ಪಕ್ಕಕ್ಕೆ ಸರಿಸಿದರು.

"ಅದು ಹೋಗ್ಲಿ. ಯಾರ ಮುಚ್ಚಿದ್ರೂ ಆಕಿ ಬರೂದಿಲ್ಲ. ಆದ್ರ ವಿರೂಪಾಕ್ಷ, ನಾಗರ ಪಂಚಮಿ ಸಂತಿಯೊಳಗ ನಾ ಆ ಅಂದಾನೆಪ್ಪನ ಮಾರಿ ಮ್ಯಾಲ ಉಗುಳೇನಿ. ನೂರು ಮಂದಿ ನೋಡಿದ್ರು. ಆಂವ ಒರಸ್ಕೊಂಡು ಸುಮ್ನ ಹ್ವಾದ. ಅದನ್ನ ನನ್ನ ಕಡಿಂದ ಮಾಡಿಸಿದಾಂವ ನೀ."

ಎದ್ದು ಒಳಗೆ ಹೋದರು. ಒಳಗಿನಿಂದಲೇ ಕೂಗಿದರು:

"ನನ್ನ ಮುಂದ ಯಾಕ ನಿಂತಿ? ನೇಸರಗಿಗೆ ನಡಿ!"

ಫೆಬ್ರುವರಿ ೨೪, ಬುಧವಾರ

ಬಸ್ಸನ್ನೇ ತೆಗೆದುಕೊಂಡು ನೇಸರಗಿಗೆ ಹೋದೆ. ಅಂದಾನೆಪ್ಪನ ಮನೆ ಕೇಳಿದರೆ, "ಯಾರು, ಹೊಗಿ ಅಂದಾನೆಪ್ಪನ?" ಎಂದು ಚಹಾದಂಗಡಿಯವನು ಕೇಳಿದ. ಊರಲ್ಲಿ ಅದೇ ಹೆಸರಾಗಿದೆ. ಮದುವೆ, ಸೀಮಂತ, ಮಠದ ದಾಸೋಹ ಯಾವುದಕ್ಕೂ ಈಗ ಅವನನ್ನು ಅಡುಗೆಗೆ ಕರೆಯುವುದಿಲ್ಲ. ಮುನ್ನೂರು ಮಂದಿಗೆ ಹೋಳಿಗೆ ಒಬ್ಬನೇ ಬೇಯಿಸುತ್ತಿದ್ದವನು ಪರರ ಹೊಲದಲ್ಲಿ ಕಡಲೆ ಕೀಳುತ್ತಾನೆ.

ಬಸ್ಸು ನೋಡಿ ಮನೆಯೊಳಗಿನಿಂದ ಬಂದವನು ಕಟ್ಟೆಯ ಮೇಲೇ ನಿಂತ. ಅವನ ಹೆಂಡತಿ ಕಾಡವ್ವ ಬಾಗಿಲಲ್ಲಿ. ಕಿಂಡಿ ಮುಚ್ಚಿದ್ದು ನಾನೆಂದು, ಅವಳೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ. ಪೊಲೀಸರಿಗೆ ಹಿಂದಿಯಲ್ಲಿ ಏನು ಹೇಳಿದ್ದೆನೋ ಅದನ್ನೂ ಕನ್ನಡದಲ್ಲಿ ಹೇಳಿದೆ.

ಅವನು ತನ್ನ ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡ.

"ಮಾಲಕ್ರ, ಮೊದಲಿಗೆ ನನಗ ಪಕ್ಕಾ ಇತ್ತು, ನಾ ಮುಚ್ಚಿಲ್ಲಂತ. ಎಲ್ಲಾರೂ ನೀನ ನೀನ ಅಂದ್ರು. ದೀಪಾವಳಿ ಹೊತ್ತಿಗೆ, ನಿದ್ದಿಗಣ್ಣಾಗ ಎದ್ದು ನಾನ ಮುಚ್ಚೇನೋ ಏನೋ ಅಂತ ಅನಸಾಕ ಹತ್ತು. ಮುಚ್ಚಿದ್ದು ಕಣ್ಣಿಗೆ ಕಟ್ಟಿಧಂಗ ಕಾಣ್ತಿತ್ರಿ. ಮಾಡಿಲ್ಲದ್ದು ಕಾಣ್ತಿತ್ತು."

ಕಾಡವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಕಾಲು ಹಿಡಿಯಲು ಬಾಗಿದೆ. ಹಿಂದಕ್ಕೆ ಸರಿದ. "ಬ್ಯಾಡ್ರಿ. ಮುಟ್ಟಬ್ಯಾಡ್ರಿ ನನ್ನ."

ಆಮೇಲೆ ಅವನು ಬಸ್ಸಿನ ಕಡೆ ನೋಡಿ, "ಶೇಗಡಿ ಎಲ್ಲಿ ಐತಿ?" ಎಂದ. ತೆಗೆದೆ, ಡೀಸೆಲ್ ಹೀಟರು ಹಾಕಿಸಿದೆ ಎಂದೆ. ಹೊಗೆ ಎಲ್ಲಿಂದ ಹೋಗುತ್ತದೆಂದು ಕೇಳಿದ. ತೋರಿಸಿದೆ. ಕಟ್ಟೆ ಇಳಿದು, ಅಂಗಾತ ಮಲಗಿ ಬಸ್ಸಿನ ಕೆಳಗೆ ನುಸುಳಿದ. ಹೊರಗೆ ಬಂದವನ ಮುಖ ಬೇರೆಯಾಗಿತ್ತು.

"ಇದನ್ನ ಯಾವ ಶಾಣ್ಯಾ ಕೂಡ್ಸ್ಯಾನ್ರಿ? ಘಟ್ಟದಾಗ ಗಾಡಿ ಯಾವ ಕಡೆ ಒತ್ತಿ ನಿಲ್ಲಸ್ತೀರಿ?"

"ಎಡಕ್ಕ. ಗುಡ್ಡದ ಕಡೆ."

"ಕೊಳವಿ ಯಾವ ಕಡೆ ಐತಿ?"

ನಾನು ಬಗ್ಗಿ ನೋಡಿದೆ. ಎಡಕ್ಕೇ ಇತ್ತು.

"ಆ ಗ್ವಾಡಿಗೆ ಒತ್ತಿ ನಿಲ್ಲಸ್ರಿ" ಎಂದ. ಎದುರಿನ ಹಾಳು ಗೋಡೆಯ ಪಕ್ಕ, ಎಡಭಾಗ ಒತ್ತಿ ಬಸ್ಸು ನಿಲ್ಲಿಸಿದೆ. ಹಸಿ ಹುಲ್ಲಿಗೆ ಕಿಚ್ಚು ಹಚ್ಚಿ ಕೊಳವೆಯ ಬಾಯಿಯ ಕೆಳಗಿಟ್ಟ. ನನ್ನನ್ನು ಒಳಗೆ ನಿಲ್ಲಲು ಹೇಳಿದ. ಹೊಗೆಗೆ ಗೋಡೆ ಅಡ್ಡ, ಮೇಲೆ ಏರುವುದೊಂದೇ ದಾರಿ. ಅಡುಗೆ ಮೂಲೆಯ ಕಿಟಕಿಯನ್ನು ಮೊದಲು ರಾತ್ರಿ ಮುಚ್ಚುತ್ತಿದ್ದೆವು, ಈ ಸಲ ಯಾವಾಗಲೂ ಒಂದು ಗೇಣು ತೆರೆದಿಡಬೇಕೆಂದು ಮಾಡಿದ್ದೆ. ಆ ಗೇಣಿನಲ್ಲಿ ಹೊಗೆ ಸದ್ದಿಲ್ಲದೆ ಒಳಗೆ ಬಂತು. ಕೆಳ ಹಲಗೆಯ ಮೇಲೆ ಹರಡಿತು.

ಕಿಟಕಿ ಎಳೆದು ಮುಚ್ಚಿದೆ. ಶಂಕರೆಪ್ಪ ಕಾಕಾನನ್ನೂ ಅದೇ ದಾರಿಯಲ್ಲಿ ಕಳಿಸುತ್ತಿದ್ದೆ. ನಮ್ಮ ಅಂಗಳದಲ್ಲಿ ಗೋಡೆ ಇರಲಿಲ್ಲ, ಗಾಳಿ ಆಡುತ್ತಿತ್ತು. ಅದಕ್ಕೇ ಪರೀಕ್ಷೆಯಲ್ಲಿ ಗೊತ್ತಾಗಲಿಲ್ಲ.

"ನಲವತ್ತು ವರ್ಷ ಒಲಿ ಮುಂದ ಕುಂತೇನ್ರಿ" ಎಂದ ಅಂದಾನೆಪ್ಪ ಹೊರಗಿನಿಂದ. "ಹೊಗಿಗೆ ಎಲ್ಲಿ ಬಾಯಿ ಸಿಗತೈತೋ ಅಲ್ಲಿ ಹೊಕ್ಕೋತೈತಿ. ಅದಕ್ಕ ನಮ್ಮಾವ್ರು, ಬ್ಯಾರೇದಾವ್ರು ಅನ್ನೂದಿಲ್ಲ."

ಯಾತ್ರೆಗೆ ಬಾ ಎಂದೆ. ಬರುವುದಿಲ್ಲ ಎಂದ. ಯಾಕೆಂದು ಕೇಳುವ ಮುಖ ನನಗಿರಲಿಲ್ಲ. ಹೊರಟಾಗ ಮಾತ್ರ ಬಾಗಿಲ ಹಿಡಿಕೆ ಹಿಡಿದು, "ಈ ಕೊಳವಿ ಹಿಂಗ ಇಟ್ಟು ನೀವು ಘಟ್ಟಾ ಹತ್ತೂದಿಲ್ಲ. ಕಿತ್ತೂರಿಗೆ ನಾನೂ ಬರತೇನಿ" ಎಂದ.

ಮಾರ್ಚ್ ೨, ಮಂಗಳವಾರ

ಎರಡು ದಿನ ಕಿತ್ತೂರಿನಲ್ಲಿ. ಭೀಮಶಿಯವರು ಮೊದಲು ಒಪ್ಪಲಿಲ್ಲ, ಮಿಲಿಟರಿಯಲ್ಲಿ ಹೀಗೇ ಇರುತ್ತದೆ ಎಂದರು. "ಮಿಲಿಟರಿ ಗಾಡಿಯೊಳಗ ಅಡಗಿ ಕಿಡಕಿ ಇರತೈತೇನ್ರಿ?" ಎಂದ ಅಂದಾನೆಪ್ಪ. ಅವರು ತಲೆ ಕೆರೆದುಕೊಂಡು ವೆಲ್ಡಿಂಗ್ ಮಷೀನು ಎಳೆದರು. ಈಗ ಕೊಳವೆ ಬಲಕ್ಕೆ ತಿರುಗಿ, ಹಿಂಬದಿಯ ಮೂಲೆಯಿಂದ ಟಾಪಿಗಿಂತ ಎರಡು ಗೇಣು ಮೇಲೆ ಹೋಗಿದೆ. ಪ್ರತಿ ಜೋಡಣೆಗೂ ಅಂದಾನೆಪ್ಪ ಉರಿಯುವ ಊದುಬತ್ತಿ ಹಿಡಿದು ನೋಡಿದ. ಎರಡು ಕಡೆ ಮತ್ತೆ ಬೆಸೆಯಲು ಹಚ್ಚಿದ.

ನನ್ನ ಜೊತೆ ಮಾತು ಬೇಕಾದಷ್ಟೇ. ಊಟಕ್ಕೆ ಬೇರೆ ಕೂತ.

ಮಾರ್ಚ್ ೧೪, ರವಿವಾರ

ಹೆಸರು ಕೊಟ್ಟವರನ್ನೆಲ್ಲ ನಮ್ಮ ಅಂಗಳಕ್ಕೆ ಕರೆದಿದ್ದೆ. ಹದಿನೆಂಟು ಜನ, ಜೊತೆಗೆ ಅವರ ಮನೆಯವರು. ಶಂಕರೆಪ್ಪ ಕಾಕಾ ಹಿಂದೆ ಬೇವಿನ ಗಿಡದ ಕೆಳಗೆ ಕೂತಿದ್ದರು. ಪೊಲೀಸರಿಗೆ ಬರೆದ ಪತ್ರವನ್ನು ಮೊದಲು ಓದಿದೆ. ಹಿಂದಿಯಲ್ಲಿ ಹೇಗಿದೆಯೋ ಹಾಗೆ, ಆಮೇಲೆ ಕನ್ನಡದಲ್ಲಿ. ಕಿಂಡಿ ಮುಚ್ಚಿದವನು ನಾನು, ಅಂದಾನೆಪ್ಪನಲ್ಲ. ನಾಳೆ ರಿಜಿಸ್ಟರ್ ಅಂಚೆಯಲ್ಲಿ ಹೋಗುತ್ತದೆ. ಅವರು ಕರೆದರೆ ಹೋಗುತ್ತೇನೆ. ಇಷ್ಟು ತಿಳಿದ ಮೇಲೆ ನನ್ನ ಬಸ್ಸು ಹತ್ತುವುದು ಬಿಡುವುದು ನಿಮಗೆ ಬಿಟ್ಟದ್ದು ಎಂದೆ.

ನಾಗರತ್ನಾ ನನ್ನ ಹಿಂದೆ ನಿಂತಿದ್ದಳು. ಅವಳಿಗೂ ಹಿಂದಿನ ದಿನವಷ್ಟೇ ಹೇಳಿದ್ದೆ.

ಒಬ್ಬರು ಎದ್ದರು. ಅವರ ಹಿಂದೆ ಮತ್ತೊಂದು ಮನೆಯವರು. ಯಾರೂ ಬೈಯಲಿಲ್ಲ. ಚಪ್ಪಲಿ ಹುಡುಕುವ ಸದ್ದು ಮಾತ್ರ. ಅರ್ಧ ಅಂಗಳ ಖಾಲಿಯಾಯಿತು. ಕಾಕಾ ಎದ್ದು ನನ್ನ ಹತ್ತಿರ ಬಂದರು, ನನ್ನನ್ನು ದಾಟಿ ಹೋದರು. ಬಸ್ಸಿನ ಹಿಂಬದಿಗೆ ಹೋಗಿ ಕತ್ತೆತ್ತಿ ಕೊಳವೆಯನ್ನು ನೋಡುತ್ತಾ ನಿಂತರು. ಬರುತ್ತಾರೋ ಇಲ್ಲವೋ ಹೇಳಲಿಲ್ಲ.

ತೊರಗಲ್ಲಿನ ಲಗಮವ್ವ ಎಂಬ ಮುದುಕಿ ಎದ್ದಿರಲಿಲ್ಲ. ರಾಮದುರ್ಗಕ್ಕೆ ಬಂದು ಅಲ್ಲಿಂದ ಮೊದಲ ಬಸ್ಸು ಹಿಡಿದವಳು, ಒಬ್ಬಳೇ. ಎಲೆ ಅಡಿಕೆ ಜಗಿಯುತ್ತಾ ನನ್ನನ್ನೇ ನೋಡುತ್ತಿದ್ದಳು.

"ತಮ್ಮಾ, ಆ ಹೊಸಾ ಕೊಳವಿ ಸರಿ ಐತಿ ಅಂತ ಯಾರು ನೋಡ್ಯಾರ? ನೀನ?"

"ಇಲ್ಲವ್ವಾ. ನೇಸರಗಿ ಅಂದಾನೆಪ್ಪ ನೋಡ್ಯಾನ."

"ಆಂವ ನೋಡ್ಯಾನಲಾ?"

"ನೋಡ್ಯಾನ್ರಿ. ಎರಡು ದಿನ."

"ಹಂಗಾದ್ರ ನನ್ನ ಹೆಸರು ಇರಲಿ" ಎಂದಳು.